ಸಾರಿನ ಪುಡಿಯಲ್ಲಿ ಹೊಳೆದ ಎಣ್ಣೆ

ಭೂವಿಜ್ಞಾನದ ಪ್ರಯೋಗಾಲಯದಲ್ಲಿ ಮೊದಲ ವಾರವೇ ನಮ್ಮ ಸರ್ ಒಂದು ಕಲ್ಲಿನ ಚೂರನ್ನು ಬಾಯಿಗೆ ಹಾಕಿಕೊಂಡು ಕಡಿದರು. ನಾವೆಲ್ಲ ಸುಮ್ನೆ ನೋಡುತ್ತಾ ನಿಂತೆವು.

"ಹಲ್ಲಿಗೆ ಕರಕರ ಅಂದ್ರ ಅದರಾಗ ಸಣ್ಣ ಉಸುಕು ಅದ ಅಂತ ತಿಳಕೋರಿ. ಬೆಣ್ಣಿ ಹಂಗ ಜಾರಿದ್ರ ಬರೇ ಜೇಡಿ" ಅಂದರು. ಆಮೇಲೆ ಒಂದೊಂದು ಚೂರು ನಮ್ಮ ಕೈಗೂ ಕೊಟ್ಟರು. ಅವರ ಇನ್ನೊಂದು ಮಾತು: "ಮೊದಲು ಚೀಟಿ, ಆಮ್ಯಾಲೆ ಕಲ್ಲು." ಎಲ್ಲಿಯದು, ಯಾವತ್ತಿನದು ಎಂದು ಚೀಟಿ ಬರೆಯದೆ ಯಾವ ಕಲ್ಲನ್ನೂ ಮೇಜಿನ ಮೇಲೆ ಇಡುವಂತಿರಲಿಲ್ಲ.

ಧಾರವಾಡದ ಹಳೆಯ ಶಿಲೆಗಳಿಗೆ 250 ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು. ಅವುಗಳಲ್ಲಿ ಒಂದು ತೊಟ್ಟು ಎಣ್ಣೆಯೂ ಇಲ್ಲ. ಅಂಥ ನೆಲದಲ್ಲಿ ಓದಿದ ನಾನು 27 ವರ್ಷ ಎಣ್ಣೆ ಬಾವಿಗಳ ಮೇಲೆ ದುಡಿದೆ.

ಶುರುವಾದದ್ದು 1992ರಲ್ಲಿ, ಸಮುದ್ರದೊಳಗಿನ ಎಣ್ಣೆ ನಿಕ್ಷೇಪ ಮುಂಬೈ ಹೈನಲ್ಲಿ. ಅಲ್ಲಿ 'ಸಾಗರ್ ಸಮ್ರಾಟ್' ಎಂಬ ರಿಗ್, ಅಂದರೆ ಬಾವಿ ಕೊರೆಯುವ ಕಟ್ಟೆ, 1974ರಲ್ಲಿ ಎಣ್ಣೆ ಕಂಡುಹಿಡಿದಿತ್ತು. ಮುಂಬೈ ದಂಡೆಯಿಂದ ಸುಮಾರು 160 ಕಿಲೋಮೀಟರ್ ದೂರ. ಜುಹುವಿನಲ್ಲಿ ಹೆಲಿಕಾಪ್ಟರ್ ಹತ್ತುವ ಮುಂಚೆ ಚೀಲವನ್ನೂ ತೂಗುತ್ತಾರೆ, ನಮ್ಮನ್ನೂ ತೂಗುತ್ತಾರೆ. ನನ್ನ ಚೀಲದಲ್ಲಿ ಬಟ್ಟೆಗಿಂತ ಅವ್ವ ಕೊಟ್ಟ ಚಟ್ನಿ ಪುಡಿ, ಉಪ್ಪಿನಕಾಯಿಯೇ ಜಾಸ್ತಿ ತೂಗುತ್ತಿದ್ದವು.

ನಾನು ಮಡ್ ಲಾಗರ್. ಬಾವಿ ಕೊರೆಯುವಾಗ ಪೈಪಿನ ಒಳಗಿಂದ 'ಮಡ್' ಎಂಬ ಗಟ್ಟಿ ದ್ರವವನ್ನು ಕೆಳಗೆ ತಳ್ಳುತ್ತಾರೆ. ಅದು ಕಲ್ಲಿನ ಚೂರುಗಳನ್ನು ಹೊತ್ತುಕೊಂಡು ಪೈಪಿನ ಹೊರಗಿನಿಂದ ಮೇಲೆ ಬರುತ್ತದೆ. ಆ ಚೂರುಗಳನ್ನು ಜರಡಿಯಿಂದ ತೆಗೆದು, ತೊಳೆದು, ಎಷ್ಟು ಆಳದ್ದು, ಯಾವ ಕಲ್ಲು ಎಂದು ಹೇಳುವುದು ನನ್ನ ಕೆಲಸ. ಎಷ್ಟೋ ರಾತ್ರಿ ಹಲ್ಲಲ್ಲಿ ಕಡಿದೇ ಹೇಳಿದ್ದೇನೆ.

ರಿಗ್ಗಿನ ಭಾಷೆ ಒಂದು ಮೃಗಾಲಯ. ಮೇಲೆ ಒಬ್ಬ ನಿಲ್ಲುವ ಹಲಗೆ 'ಮಂಕಿ ಬೋರ್ಡ್'. ಡ್ರಿಲ್ಲರ್ ಕೂರುವ ಕೋಣೆ 'ಡಾಗ್ ಹೌಸ್'. ಪೈಪು ಎಳೆದು ತರುವ ದಾರಿ 'ಕ್ಯಾಟ್ ವಾಕ್'. ಪೈಪು ನಿಲ್ಲಿಸುವ ತೂತು 'ಮೌಸ್ ಹೋಲ್'. ಬಾವಿಯೊಳಗೆ ಏನಾದರೂ ಮುರಿದು ಬಿದ್ದರೆ ಅದು 'ಫಿಶ್', ಅದನ್ನು ಎತ್ತುವುದು 'ಫಿಶಿಂಗ್'.

ಒಮ್ಮೆ ಕಲ್ಲು ಕೊರೆಯುವ ತುದಿಯ, ಅಂದರೆ ಡ್ರಿಲ್ ಬಿಟ್ಟಿನ, ಒಂದು ತುಂಡು ಕೆಳಗೆ ಕಳಚಿಬಿತ್ತು. ಐದು ದಿನವಾದರೂ ಬರಲಿಲ್ಲ. ಸರದಿ ಬಂದಾಗ ಪಕ್ಕದ ಮನೆಯವರ ಫೋನಿಗೆ ಮಾಡಿ, ಅವ್ವನಿಗೆ "ಈ ವಾರ ಪೂರ್ತಿ ಫಿಶಿಂಗ್ ನಡದದವ್ವಾ, ಇನ್ನೂ ಸಿಕ್ಕಿಲ್ಲ" ಅಂದೆ. ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಅವ್ವ ಮೆಲ್ಲಗೆ ಕೇಳಿದಳು: "ಅಲ್ಲೋ ತಮ್ಮಾ, ಎಮ್ಮೆಸ್ಸಿ ಮಾಡಿ ಮೀನ ಹಿಡಿಲಿಕ್ಕ ಹೋದ್ಯೇನೋ?" ನನ್ನ ಹಿಂದೆ ಸರದಿಗೆ ನಿಂತಿದ್ದ ಕಾರವಾರದ ವೆಲ್ಡರ್‌ಗೆ ಕನ್ನಡ ಬರುತ್ತಿತ್ತು. ಅವರು ನಕ್ಕು ನಕ್ಕು ಹಾಗೇ ನೆಲದ ಮೇಲೆ ಕೂತುಬಿಟ್ಟರು.

ಮುಂದೆ ಅಜೆರ್ಬೈಜಾನಿನ ಬಾಕುವಿಗೆ ಹೋದೆ. ಕ್ಯಾಸ್ಪಿಯನ್ ಸಮುದ್ರದಲ್ಲಿ 1949ರಿಂದ ಕಂಬಗಳ ಮೇಲೆ ಕಟ್ಟಿದ ಒಂದು ಊರೇ ಇದೆ, ನೆಫ್ಟ್ ದಾಶ್ಲಾರಿ. ಅದನ್ನು ದೂರದಿಂದ ನೋಡಿದೆ, ಅಷ್ಟೇ. ನೆನಪಿನಲ್ಲಿ ಉಳಿದವರು ನಮ್ಮ ಕ್ರೇನ್ ಆಪರೇಟರ್. ಅವರಿಗೆ ಇಂಗ್ಲಿಷ್ ಬಾರದು, ನನಗೆ ಅಜೆರ್ಬೈಜಾನಿ ಬಾರದು. ಗಾಳಿ ಜೋರಾದ ದಿನ ಅವರು ಕ್ರೇನ್ ನಿಲ್ಲಿಸಿ "ಹವಾ! ಹವಾ!" ಅಂದರು. ನನಗೆ ತಕ್ಷಣ ತಿಳಿಯಿತು. ಧಾರವಾಡದಲ್ಲೂ ಹವಾ ಹವಾನೇ ಅಲ್ವಾ? ಚಾ ಬಗ್ಗಿಸಿದಾಗ ನಾನು "ಬಸ್" ಅಂದೆ, ಅವರು "ಬಸ್" ಅಂದರು. ಬಾಜಾರ್, ಮೈದಾನ್ ಎಲ್ಲ ಅಲ್ಲೂ ಇದ್ದವು. ಒಂದು ತಿಂಗಳು ನಾವಿಬ್ಬರೂ ಇಂಥ ಹತ್ತು ಹನ್ನೆರಡು ಮಾತಿನಲ್ಲೇ ಹರಟೆ ಹೊಡೆದೆವು.

ಸಾರಿನ ಪುಡಿಯ ಕಥೆ ನಡೆದದ್ದು ಉತ್ತರ ಸಮುದ್ರದಲ್ಲಿ. ಸ್ಕಾಟ್ಲೆಂಡಿನ ಅಬರ್ಡೀನಿನಿಂದ ರಿಗ್ಗಿಗೆ ಹೋಗುವಾಗ ಅವ್ವನ ಪೊಟ್ಟಣ ಚೀಲದಲ್ಲೇ ಒಡೆದಿತ್ತು. ಉಳಿದ ಪುಡಿಯನ್ನು ಕ್ಯಾಬಿನ್ನಿನಲ್ಲಿದ್ದ ಹೊಸ ಸ್ಯಾಂಪಲ್ ಲಕೋಟೆಗೆ ತುಂಬಿ, ಮೇಜಿನ ಮೇಲಿಟ್ಟು ಮಲಗಲು ಹೋದೆ. ಚೀಟಿ ಬರೆಯಲಿಲ್ಲ.

ರಾತ್ರಿ ಪಾಳಿಗೆ ಬಂದವರು ಒಬ್ಬ ಸ್ಕಾಟಿಶ್ ಭೂವಿಜ್ಞಾನಿ. ಕಚ್ಚಾ ಎಣ್ಣೆ ಅಲ್ಟ್ರಾವಯಲೆಟ್ (ಯುವಿ) ಬೆಳಕಿನಲ್ಲಿ ಹೊಳೆಯುತ್ತದೆ. ಅದಕ್ಕೇ ಪ್ರತಿ ಸ್ಯಾಂಪಲ್ಲನ್ನೂ ಆ ದೀಪದ ಕೆಳಗಿಟ್ಟು, ಎಣ್ಣೆ ಕರಗಿಸುವ ಸಾಲ್ವೆಂಟ್ ಒಂದು ಹನಿ ಹಾಕುತ್ತೇವೆ. ಎಣ್ಣೆ ಇದ್ದರೆ ಹನಿಯೊಳಗೆ ಹೊಳಪು ಹರಿಯುತ್ತದೆ. ಅವರು ನನ್ನ ಲಕೋಟೆಗೂ ಹನಿ ಹಾಕಿದರು. ಹಸಿರು ಹಳದಿ ಬೆಳಕು ಹೊಳೆಯಂತೆ ಹರಿಯಿತು. ಅವ್ವ ಅರಿಶಿನಕ್ಕೆ ಕೈ ಬಿಗಿ ಹಿಡಿಯುವವಳಲ್ಲ, ಮತ್ತು ಅರಿಶಿನವೂ ಆ ದೀಪಕ್ಕೆ ಚೆನ್ನಾಗಿ ಹೊಳೆಯುತ್ತದೆ.

ಎಣ್ಣೆ ಸಿಕ್ಕಿತೆಂದು ಅವರು 'ಕಂಪನಿ ಮ್ಯಾನ್', ಅಂದರೆ ಎಣ್ಣೆ ಕಂಪನಿಯ ಪರವಾಗಿ ರಿಗ್ಗಿನಲ್ಲಿರುವ ಮೇಲಧಿಕಾರಿಯನ್ನು ಎಬ್ಬಿಸಿದರು. ನಾನು ಓಡಿಬಂದಾಗ ಇಬ್ಬರೂ ಲಕೋಟೆ ಮೂಸುತ್ತಿದ್ದರು. ಒಳಗೆ ಕಾಲಿಡುತ್ತಲೇ ನನಗೆ ಇಂಗಿನ ವಾಸನೆ ಬಂತು. ವಿಷಯ ಹೇಳಿದೆ. ಮೊದಲು ನಕ್ಕವರು ಆ ಭೂವಿಜ್ಞಾನಿಯೇ. ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು, "ಇದುವರೆಗೆ ನೋಡಿದ್ದರಲ್ಲಿ ಇದೇ ಉತ್ತಮ ಬಾವಿ" ಅಂದರು. ಶುಕ್ರವಾರ ಊಟದ ಮನೆಯಲ್ಲಿ ಆಲೂ ಚಿಪ್ಸಿನ ಮೇಲೆ ಸಾರಿನ ಪುಡಿ ಉದುರಿಸಿಕೊಂಡು ತಿಂದರು. ಎರಡೇ ದಿನದಲ್ಲಿ ಲಕೋಟೆ ಖಾಲಿ.

ಕಂಪನಿ ಮ್ಯಾನ್ ಕೂಡ ನಕ್ಕರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಪೈಪರ್ ಆಲ್ಫಾ ಎಂಬ ಎಣ್ಣೆ ಕಟ್ಟೆಯ ಹೆಸರು ಎತ್ತಿದರು. 1988ರ ಜುಲೈ 6ರ ರಾತ್ರಿ, ಅದೇ ಸಮುದ್ರ. ಒಂದು ಪಂಪಿನ ಸುರಕ್ಷತಾ ವಾಲ್ವ್ ಅನ್ನು ರಿಪೇರಿಗೆಂದು ಬಿಚ್ಚಿದ್ದರು. ಆ ಸುದ್ದಿ ಮುಂದಿನ ಪಾಳಿಯವರಿಗೆ ಮುಟ್ಟಲಿಲ್ಲ. ಅವರು ಆ ಪಂಪನ್ನೇ ಚಾಲೂ ಮಾಡಿದರು. ಅನಿಲ ಸೋರಿ ಸ್ಫೋಟವಾಯಿತು. ಸತ್ತವರು 167 ಜನ. "ನಿನ್ನದು ಸಾರಿನ ಪುಡಿ, ಸರಿ. ಆದರೆ ಚೀಟಿ ಬರೆ" ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವತ್ತು ನನಗೆ ನಮ್ಮ ಪ್ರಯೋಗಾಲಯದ ಮೇಜು ಕಣ್ಣಿಗೆ ಕಟ್ಟಿತು. ಆಮೇಲೆ ಎಷ್ಟು ವರ್ಷ ದುಡಿದರೂ ಚೀಟಿ ಇಲ್ಲದ ಲಕೋಟೆಯನ್ನು ನಾನು ಮೇಜಿನ ಮೇಲೆ ಬಿಡಲಿಲ್ಲ, ಬೇರೆಯವರಿಗೂ ಬಿಡಗೊಡಲಿಲ್ಲ.

ಕಳೆದ ಚಳಿಗಾಲ ಸರ್ ಮನೆಗೆ ಹೋಗಿದ್ದೆ. ಎಂಬತ್ತು ದಾಟಿದ್ದಾರೆ. ಕಥೆ ಕೇಳಿ ಅವರಿಗೆ ನಂಬಿಕೆ ಬರಲಿಲ್ಲ. "ಅರಿಶಿಣ ಹೊಳಿತದಂತ? ತೋರಸು ನೋಡೋಣ" ಅಂದರು. ನನ್ನ ಹತ್ತಿರ ಸಣ್ಣ ಯುವಿ ಟಾರ್ಚ್ ಇತ್ತು. ಇಬ್ಬರೂ ಅಡುಗೆಮನೆಗೆ ಹೋಗಿ ಒಂದು ಬಟ್ಟಲಲ್ಲಿ ಅರಿಶಿನಕ್ಕೆ ಎಣ್ಣೆ ಕಲಸಿ ದೀಪ ಆರಿಸಿದೆವು. ಟಾರ್ಚ್ ಹಾಕುತ್ತಲೇ ಬಟ್ಟಲು ಹೊಳೆಯಿತು. ಸರ್ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು.

"ಇನ್ನೊಮ್ಮೆ ಹಾಕು, ಸಾರಿನ ಪುಡಿನೂ ನೋಡೂಣು" ಅಂದರು. ನಾನು ಕಪಾಟಿನ ಕಡೆ ಟಾರ್ಚ್ ತಿರುಗಿಸಿದೆ. ಸಾಲಾಗಿ ಸ್ಟೀಲ್ ಡಬ್ಬಿಗಳು. ಒಂದೊಂದರ ಮೇಲೂ ಬಿಳಿ ಚೀಟಿ. ಏನಿದೆ, ಯಾವತ್ತು ಕುಟ್ಟಿದ್ದು ಎಂದು ಸರ್ ತಮ್ಮ ಅದೇ ದುಂಡು ಅಕ್ಷರದಲ್ಲಿ ಬರೆದಿದ್ದರು.