ಕ್ಯಾಸೆಟ್ ಮುಗಿಯುವವರೆಗೆ ನಿಲ್ಲದ ಕಂಪ್ಯೂಟರ್: ಮದರ್‌ಬೋರ್ಡ್ ಆರಿಸಿದ ದಿನಗಳ ದಾಖಲೆ

ಮೇ 11

ಹಳೇ ಕಂಪ್ಯೂಟರ್ ಇವತ್ತು ಮತ್ತೆ ಕೈಕೊಟ್ಟಿತು. ದೊಡ್ಡಪ್ಪನ ತಾಳಮದ್ದಳೆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಹಾಕಿ 38 ನಿಮಿಷ ಆಗಿತ್ತು. ದೊಡ್ಡಪ್ಪ ಹೇಳುತ್ತಿದ್ದ ಕರ್ಣನ ಅರ್ಥ ಆಗಷ್ಟೇ ಕಾವಿಗೆ ಬಂದಿತ್ತು. ಅಷ್ಟರಲ್ಲಿ ಸ್ಕ್ರೀನ್ ಹಾಗೇ ನಿಂತುಹೋಯಿತು. ಮೌಸ್ ಅಲ್ಲಾಡಲಿಲ್ಲ. ಈ ತಿಂಗಳಲ್ಲಿ ಇದು ಐದನೇ ಸಲ.

ಕಪಾಟಿನಲ್ಲಿ ಇಂಥ 64 ಕ್ಯಾಸೆಟ್ ಇವೆ. ಹೆಚ್ಚಿನವು 90 ನಿಮಿಷದವು, ಒಂದು ಬದಿಗೆ 45. ಇದಕ್ಕೆ ಅಡ್ಡದಾರಿ ಇಲ್ಲ, 45 ನಿಮಿಷದ ಬದಿ ಇಳಿಸಲು 45 ನಿಮಿಷವೇ ಬೇಕು. ಎಲ್ಲ 1980ರ ದಶಕದ ಟೇಪುಗಳು. ಒಂದೊಂದು ಸಲ ಓಡಿಸಿದಾಗಲೂ ಹೆಡ್ ಮೇಲೆ ಕಂದು ಪುಡಿ ಉಳಿಯುತ್ತದೆ. ಆ ಪುಡಿಯಲ್ಲೇ ದೊಡ್ಡಪ್ಪನ ದನಿ ಇದೆ. ಹಾಗಾಗಿ ಒಂದು ಬದಿಯನ್ನು ಮೂರು ಸಲ ಓಡಿಸುವುದು ನನಗೆ ಸಹಿಸಲು ಆಗುವುದಿಲ್ಲ.

ಕ್ಯಾಬಿನೆಟ್ ಬಿಚ್ಚಿ ಟಾರ್ಚ್ ಹಾಕಿದೆ. ಮದರ್‌ಬೋರ್ಡಿನಲ್ಲಿ, ಅಂದರೆ ಎಲ್ಲ ಭಾಗಗಳನ್ನೂ ಜೋಡಿಸುವ ಮುಖ್ಯ ಬೋರ್ಡಿನಲ್ಲಿ, ಪ್ರೊಸೆಸರ್ ಪಕ್ಕದ ನಾಲ್ಕು ಕೆಪಾಸಿಟರ್‌ಗಳ (ವಿದ್ಯುತ್ತಿನ ಏರಿಳಿತ ತಗ್ಗಿಸುವ ಪುಟ್ಟ ಡಬ್ಬಿಗಳು) ತಲೆ ಉಬ್ಬಿದೆ. ಒಂದರ ಬುಡದಲ್ಲಿ ಕಂದು ಅಂಟು. ಹೊಸ ಕೆಪಾಸಿಟರ್ ಬೆಸುಗೆ ಹಾಕಿಸಬಹುದು. ಆದರೆ 2009ರ ಬೋರ್ಡು, ಇನ್ನು ಅದನ್ನು ನಂಬಿ ಕೂರಲಾರೆ.

ಮೇ 14

ನನಗೆ ವೇಗ ಬೇಡ. 24 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೋ ರೆಕಾರ್ಡಿಂಗ್ ಅಂದರೆ ಗಂಟೆಗೆ ಸುಮಾರು 1 ಜಿಬಿ ಅಷ್ಟೇ. ಯಾವ ಪ್ರೊಸೆಸರ್‌ಗೂ ಅದು ಭಾರ ಅಲ್ಲ. ಬೇಕಾಗಿರುವುದು ದಿನವಿಡೀ ತಡವರಿಸದೆ ಓಡುವ ಯಂತ್ರ. ಮೂರು ರಾತ್ರಿ ಕೂತು ಓದಿದ ಮೇಲೆ ಗೊತ್ತಾಯಿತು, ಬೋರ್ಡಿನ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ ಯಾವುದೂ ಇದನ್ನು ಹೇಳುವುದಿಲ್ಲ.

ಮೊದಲು ನೋಡಬೇಕಾದ್ದು ವಿಆರ್‌ಎಂ. ಪವರ್ ಸಪ್ಲೈ ಕೊಡುವುದು 12 ವೋಲ್ಟ್. ಪ್ರೊಸೆಸರ್‌ಗೆ ಬೇಕಾದ್ದು 1.2 ವೋಲ್ಟಿನ ಆಸುಪಾಸು. ಇಳಿಸುವ ಕೆಲಸ ವಿಆರ್‌ಎಂನದು. 1.2 ವೋಲ್ಟಿನಲ್ಲಿ 60 ವ್ಯಾಟ್ ಅಂದರೆ 50 ಆಂಪಿಯರ್! ನಮ್ಮ ಮನೆಯ ಇಡೀ ಮೀಟರ್ ಅಷ್ಟು ಆಂಪಿಯರ್ ಎಳೆಯುವುದಿಲ್ಲ. ಅದನ್ನು ಎರಡು ಮೂರು ಹಂತಗಳಲ್ಲಿ ಹಂಚಿದರೆ ಒಂದೊಂದೂ ಬಿಸಿಯಾಗುತ್ತದೆ. ಎಂಟರಲ್ಲಿ ಹಂಚಿ, ಮೇಲೆ ಶಾಖ ಹೊರಹಾಕುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಕೂರಿಸಿದರೆ ತಣ್ಣಗಿರುತ್ತದೆ. ಒಳಗೆ ದ್ರವ ಇರುವ ಕೆಪಾಸಿಟರ್‌ನ ಆಯಸ್ಸು 10 ಡಿಗ್ರಿ ಶಾಖ ಇಳಿದರೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಈಗಿನ ಒಳ್ಳೆ ಬೋರ್ಡುಗಳಲ್ಲಿ ಆ ಜಾಗದಲ್ಲಿ ಘನ ಪಾಲಿಮರ್ ಕೆಪಾಸಿಟರ್ ಇರುತ್ತವೆ. ನನ್ನ ಹಳೇ ಬೋರ್ಡಿನ ಹಾಗೆ ಉಬ್ಬಿ ಸೋರುವ ಭಯ ಇಲ್ಲ.

ಎರಡನೆಯದು, ಬೋರ್ಡಿನ ಮೇಲೆ ತಿರುಗುವ ವಸ್ತು ಇರಬಾರದು. 2019ರಲ್ಲಿ ಬಂದ ಎಕ್ಸ್570 ಬೋರ್ಡುಗಳಲ್ಲಿ ಹೆಚ್ಚಿನವಕ್ಕೆ ಚಿಪ್‌ಸೆಟ್ (ಬೋರ್ಡಿನ ಬೇರೆ ಬೇರೆ ಭಾಗಗಳನ್ನು ಬೆಸೆಯುವ ಚಿಪ್) ಮೇಲೆ ಪುಟ್ಟ ಫ್ಯಾನ್ ಇದೆ. ಮಲೆನಾಡಿನ ತೇವಕ್ಕೆ, ಅಡಿಕೆ ಸುಲಿಯುವ ಕಾಲದ ಧೂಳಿಗೆ ಆ ಫ್ಯಾನ್ ಎಷ್ಟು ದಿನ ಬಾಳೀತು? ಅದು ಬೇಡ.

ಮೇ 19

ಎಎಂ4 ಸಾಕೆಟ್ (ಎಎಂಡಿ ಕಂಪನಿಯ ಪ್ರೊಸೆಸರ್ ಕೂರುವ ಜಾಗ), ಬಿ550 ಚಿಪ್‌ಸೆಟ್ ಅಂತ ತೀರ್ಮಾನ ಮಾಡಿದೆ. ಪ್ರೊಸೆಸರ್ ರೈಜೆನ್ 5 5600ಜಿ. ಆರು ಕೋರ್, 65 ವ್ಯಾಟ್. ಗ್ರಾಫಿಕ್ಸ್ ಒಳಗೇ ಇದೆ, ಬೇರೆ ಕಾರ್ಡ್ ಬೇಡ. ಕೆಡುವ ವಸ್ತು ಇನ್ನೊಂದು ಕಮ್ಮಿ.

ಬಿ550 ಬಂದದ್ದು 2020ರ ಜೂನ್‌ನಲ್ಲಿ. ಆಮೇಲೆ 2022ರಲ್ಲಿ ಹೊಸ ಸಾಕೆಟ್ ಎಎಂ5 ಬಂತು. ಹಳೆಯದನ್ನೇ ಯಾಕೆ ಆರಿಸಿದೆ ಅಂತ ಗೆಳೆಯರು ಕೇಳಿದರು. ಹಳೆಯದು ಅನ್ನುವುದೇ ಕಾರಣ. 2021ರ ಶುರುವಿನಲ್ಲಿ ಬಿ550 ಸೇರಿದ 500 ಸರಣಿಯ ಬೋರ್ಡುಗಳಲ್ಲಿ ಯುಎಸ್‌ಬಿ ಸಾಧನಗಳು ನಡುನಡುವೆ ಕಳಚಿಕೊಳ್ಳುತ್ತಿದ್ದವು. ಎಎಂಡಿ ಅದನ್ನು ಒಪ್ಪಿಕೊಂಡಿತು. ಏಪ್ರಿಲ್ ಹೊತ್ತಿಗೆ ಬಯಾಸ್‌ಗೆ, ಅಂದರೆ ಬೋರ್ಡನ್ನು ಶುರುಮಾಡುವ ಅದರೊಳಗಿನ ತಂತ್ರಾಂಶಕ್ಕೆ, ಅಜೀಸಾ 1.2.0.2 ಅನ್ನುವ ತಿದ್ದುಪಡಿ ಬಂತು. ನನ್ನ ಕ್ಯಾಸೆಟ್ ಡೆಕ್ಕಿನ ದನಿ ಕಂಪ್ಯೂಟರಿಗೆ ಹೋಗುವುದೇ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಮೂಲಕ. ಒಂದು ಕ್ಷಣ ಕಳಚಿದರೂ ಆ ಬದಿ ಹಾಳು. ಈ ತೊಂದರೆಯನ್ನು ಬೇರೆಯವರು ಆಗಲೇ ಅನುಭವಿಸಿ, ಬರೆದು, ಸರಿಯಾದ ಮೇಲೆ ನಾನು ಕೊಳ್ಳುತ್ತಿದ್ದೇನೆ. ಹೊಸ ಚಿಪ್‌ಸೆಟ್ ಆದರೆ ಆ ಅನುಭವ ನನ್ನ ಟೇಪಿನ ಮೇಲೇ ಆಗುತ್ತಿತ್ತು, ಅಲ್ವಾ?

ಮೇ 26

ಸಾಗರದಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರು. ಬೆಳಗ್ಗೆ ಹನ್ನೊಂದಕ್ಕೆ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡ್. ಬೋರ್ಡಿಗೆ ಅಂತ 14 ಸಾವಿರ ಎತ್ತಿಟ್ಟಿದ್ದೆ.

"ಸರ್, ಎಎಂ4 ಈಗ ಯಾಕೆ? ಸ್ವಲ್ಪ ಜಾಸ್ತಿ ಹಾಕಿ, ಹೊಸದು ತಗೊಳ್ಳಿ" ಅಂದರು ಅಂಗಡಿಯವರು. ಕ್ಯಾಸೆಟ್ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಇದೇ ಸರಿ ಬಿಡಿ. ನಮ್ಮ ಬಿಲ್ಲಿಂಗ್ ಕಂಪ್ಯೂಟರ್ರೂ ಎಎಂ4ನೇ" ಅಂದರು.

ತಂದದ್ದು ಆಸುಸ್ ಟಫ್ ಗೇಮಿಂಗ್ ಬಿ550ಎಂ-ಪ್ಲಸ್. ಹೆಸರಿನಲ್ಲಿ ಗೇಮಿಂಗ್ ಇದ್ದರೂ ನಾನು ನೋಡಿದ್ದು 8+2 ಹಂತದ ವಿಆರ್‌ಎಂ, ನಾಲ್ಕು ಮೆಮೊರಿ ಸ್ಲಾಟ್, ಪ್ರೊಸೆಸರ್ ಇಲ್ಲದೆಯೂ ಬಯಾಸ್ ಹೊಸದು ಮಾಡುವ ಹಿಂಬದಿಯ ಫ್ಲ್ಯಾಶ್‌ಬ್ಯಾಕ್ ಗುಂಡಿ. ಅಂಗಡಿಯಲ್ಲೇ ಡಬ್ಬ ಬಿಚ್ಚಿಸಿ, ಬೋರ್ಡಿನ ಸೀರಿಯಲ್ ನಂಬರನ್ನು ಬಿಲ್ಲಿನ ಮೇಲೆ ಬರೆಸಿಕೊಂಡೆ. ವಾರಂಟಿಗೆ ಹೋದಾಗ ಮೊದಲು ಕೇಳುವುದು ಅದನ್ನೇ.

ಮೇ 28

ಪ್ರೊಸೆಸರ್ ಕೂರಿಸುವ ಮೊದಲೇ ಬಯಾಸ್ ಹೊಸದು ಮಾಡಿದೆ. ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಬಯಾಸ್ ಫೈಲ್ ಹಾಕಿ, ಹೆಸರು ಬದಲಿಸಿ, ಗುರುತು ಮಾಡಿದ ಪೋರ್ಟಿಗೆ ಚುಚ್ಚಿ ಗುಂಡಿ ಒತ್ತಿ ಹಿಡಿದರೆ ದೀಪ ಮಿಣುಕತೊಡಗುತ್ತದೆ. ನಡುವೆ ಕರೆಂಟ್ ಹೋದರೆ ಕೆಲಸ ಕೆಟ್ಟಂತೆ. ಸಂಜೆ ಗುಡುಗು ಇತ್ತು. ಯುಪಿಎಸ್ ಪೂರ್ತಿ ಚಾರ್ಜ್ ಮಾಡಿಕೊಂಡು, ಮಳೆ ನಿಂತ ಮೇಲೆಯೇ ಶುರು ಮಾಡಿದೆ. ದೀಪ ಆರುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ.

ಜೂನ್ 1

ಮೆಮೊರಿಯಲ್ಲಿ ಎಡವಿದೆ. ನನ್ನ ಹತ್ತಿರ 8 ಜಿಬಿಯ ಒಂದು ಕಡ್ಡಿ ಇತ್ತು, ಗೆಳೆಯ ಇನ್ನೊಂದು ಕೊಟ್ಟಿದ್ದ. ಬೇರೆ ಬೇರೆ ಕಂಪನಿಯವು. ಎರಡೂ 3200ರ ವೇಗದವು, ಕಂಪ್ಯೂಟರ್ ಚೆನ್ನಾಗಿ ಶುರುವಾಯಿತು, ಅಂತರ್ಜಾಲ, ಹಾಡು ಎಲ್ಲ ಸರಿ. ಆದರೂ ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಹಾಕಿ ಮಲಗಿದೆ. ಬೆಳಗ್ಗೆ ನೋಡಿದರೆ ಮೂರು ಕೆಂಪು ಸಾಲು. ಮೊದಲೆರಡು ಸುತ್ತು ಸ್ವಚ್ಛ, ಮೂರನೆಯದರಲ್ಲಿ ತಪ್ಪು.

ಒಂದೊಂದನ್ನೇ ಹಾಕಿ ಪರೀಕ್ಷಿಸಿದೆ. ಒಂಟಿಯಾಗಿ ಎರಡೂ ಸರಿ. ಜೋಡಿಯಾಗಿ ಮಾತ್ರ ತಪ್ಪು. ರಾತ್ರಿಯಿಡೀ ಓಡಿಸದಿದ್ದರೆ ಇದು ಸಿಗುತ್ತಲೇ ಇರಲಿಲ್ಲ. ಮುಂದೆ ಯಾವಾಗಲೋ ರೆಕಾರ್ಡಿಂಗ್ ಮಧ್ಯೆ ನಿಂತಾಗ ನಾನು ಬೋರ್ಡನ್ನು ಬೈಯುತ್ತಿದ್ದೆ.

ಬೋರ್ಡ್ ಕಂಪನಿಯೇ ಪರೀಕ್ಷಿಸಿ ಪ್ರಕಟಿಸುವ ಮೆಮೊರಿ ಪಟ್ಟಿ ಇರುತ್ತದೆ, ಕ್ಯೂವಿಎಲ್ ಅಂತಾರೆ. ಅದರಲ್ಲಿರುವ ಒಂದು ಜೋಡಿಯನ್ನು, ಒಂದೇ ಪೊಟ್ಟಣದ್ದನ್ನು, ತರಿಸಲು ಹೇಳಿದೆ.

ಜೂನ್ 6

ಹೊಸ ಜೋಡಿ ಬಂತು. 11 ಗಂಟೆ ಓಡಿಸಿದೆ, ಒಂದೂ ತಪ್ಪಿಲ್ಲ. ಆಮೇಲೆ ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಡುವ ಪ್ರೈಮ್95 ನಾಲ್ಕು ಗಂಟೆ. ವಿಆರ್‌ಎಂ ಹೀಟ್‌ಸಿಂಕ್ ಮೇಲೆ ಬೆರಳು ಇಟ್ಟುಕೊಂಡೇ ಇರಬಹುದಿತ್ತು.

ಜೂನ್ 7

ಪರೀಕ್ಷಾ ರೆಕಾರ್ಡಿಂಗ್‌ನಲ್ಲಿ ಗುಂಯ್ ಅನ್ನುವ ಸದ್ದು. ಬೋರ್ಡ್ ಮೇಲೆ ಅನುಮಾನ ಬಂತು. ಅದರದ್ದಲ್ಲ. 50 ಹರ್ಟ್ಸ್ ಕರೆಂಟಿನ ಗುಂಯ್ಗಾಟ ಅದು. ಜಗುಲಿಯ ಸಾಕೆಟ್ಟಿಗೆ ಅರ್ಥಿಂಗ್ ತಂತಿಯೇ ಇರಲಿಲ್ಲ. ಮೂರನೇ ರಂಧ್ರ ಸುಮ್ನೆ ಇತ್ತು. ಎಲೆಕ್ಟ್ರಿಷಿಯನ್ ಬಂದು ಬಾವಿ ಪಕ್ಕದ ಅರ್ಥ್ ಪಿಟ್‌ನಿಂದ ತಂತಿ ಎಳೆದರು. ಡೆಕ್ಕಿಗೂ ಕಂಪ್ಯೂಟರಿಗೂ ಒಂದೇ ಸ್ವಿಚ್‌ಬೋರ್ಡಿನಿಂದ ಕರೆಂಟ್ ಕೊಟ್ಟ ಮೇಲೆ ಸದ್ದು ಹೋಯಿತು. ಇಷ್ಟು ವರ್ಷ ಹಳೇ ಕಂಪ್ಯೂಟರ್ ಈ ಅರ್ಥಿಂಗ್ ಇಲ್ಲದ ಸಾಕೆಟ್ಟಿನಲ್ಲೇ ಓಡಿತ್ತು.

ಜೂನ್ 9

ಹೊರಗೆ ಧೋ ಮಳೆ. ಮಧ್ಯಾಹ್ನ ಎರಡಕ್ಕೆ ಮೊದಲ ಕ್ಯಾಸೆಟ್, ಎ ಬದಿ. 22ನೇ ನಿಮಿಷಕ್ಕೆ ಕರೆಂಟ್ ಹೋಯಿತು. ಯುಪಿಎಸ್ ಬೀಪ್ ಅಂದಿತು. ರೆಕಾರ್ಡಿಂಗ್ ತಂತ್ರಾಂಶ ಆಡಾಸಿಟಿಯ ಅಲೆಗಳು ಹಾಗೇ ಓಡುತ್ತಿದ್ದವು. ಡೆಕ್ಕೂ ಯುಪಿಎಸ್ ಮೇಲೇ ಇದ್ದುದರಿಂದ ಟೇಪ್ ಎಳೆಯಲಿಲ್ಲ. ಐದು ನಿಮಿಷದಲ್ಲಿ ಕರೆಂಟ್ ಬಂತು. 38ನೇ ನಿಮಿಷ ದಾಟುವಾಗ ಅಪ್ಪ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ಕರ್ಣ ಕೃಷ್ಣನಿಗೆ ಉತ್ತರ ಕೊಡುತ್ತಿದ್ದ. "ಅಣ್ಣ ಆ ದಿನ ಜ್ವರದಲ್ಲಿ ಮಾತಾಡಿದ್ದು" ಅಂದರು ಅಪ್ಪ. ಅದು ನನಗೆ ಗೊತ್ತೇ ಇರಲಿಲ್ಲ. ಫೈಲಿನ ಹೆಸರಿನ ಜೊತೆ ಅದನ್ನೂ ಬರೆದಿಟ್ಟೆ.

45ನೇ ನಿಮಿಷಕ್ಕೆ ಡೆಕ್ಕಿನ ಗುಂಡಿ ತಾನಾಗಿ ಟಕ್ ಅಂತ ಮೇಲೆ ಬಂತು. ಬಿ ಬದಿಗೆ ತಿರುಗಿಸಿ ಹಾಕಿದ್ದೇನೆ. ಇನ್ನು 63 ಕ್ಯಾಸೆಟ್.