ಕಾಲಾಳಿನ ಕಾನೂನೇ ಬೇರೆ

ಮಕ್ಕಳಿಗೆ ಚೆಸ್ ಕಲಿಸುವಾಗ ಜಾಸ್ತಿ ಜಗಳ ಆಗುವುದು ಕುದುರೆಯಿಂದಲ್ಲ, ಕಾಲಾಳಿನಿಂದ. ಉಳಿದ ಕಾಯಿಗಳೆಲ್ಲ ನಡೆಯುವ ದಾರಿಯಲ್ಲೇ ಹೊಡೆಯುತ್ತವೆ. ಇದು ಮಾತ್ರ ನಡೆಯುವುದು ನೇರ, ಹೊಡೆಯುವುದು ಓರೆ, ಅದೂ ಮುಂದಿನ ಒಂದೇ ಮನೆ. ಎದುರಿಗೇ ಶತ್ರು ಬಂದರೆ ಸುಮ್ನೆ ನಿಲ್ಲಬೇಕು, ಪಾಪ. ಹಿಂದೆ ಬರುವ ಹಾಗೂ ಇಲ್ಲ. ಮೊದಲ ನಡೆಯಲ್ಲಿ ಬೇಕಾದರೆ ಎರಡು ಮನೆ ಹೋಗಬಹುದು. ಎದುರಾಳಿಯ ಕಾಲಾಳು ಹಾಗೆ ಬಂದು ನಮ್ಮ ಐದನೇ ಸಾಲಿನ ಕಾಲಾಳಿನ ಪಕ್ಕ ನಿಂತರೆ, ಅದು ಒಂದೇ ಮನೆ ಬಂದಿದೆ ಅಂದುಕೊಂಡು, ದಾಟಿದ ಮನೆಗೆ ನಾವು ಓರೆಯಾಗಿ ಹೋಗಿ ಅದನ್ನು ಎತ್ತಿಬಿಡಬಹುದು, ಆದರೆ ಮರುನಡೆಯಲ್ಲೇ. ಎನ್ ಪಾಸಾಂ ಅಂತಾರೆ. 'ಈ ರೂಲ್ ಈಗ ನೀವೇ ಮಾಡಿದ್ದು ಅಲ್ವಾ?' ಅನ್ನುತ್ತವೆ ಮಕ್ಕಳು. ಎಂಟನೇ ಸಾಲು ಮುಟ್ಟಿದರೆ ಮಂತ್ರಿ ಆಗಬಹುದು ಅಂದಾಗ ಮಾತ್ರ ಯಾರದ್ದೂ ತಕರಾರಿಲ್ಲ!