ಅಳಿಯನ ತೋಟೆ, ನನ್ನ ವರ್ನಿಯರ್

ಆ ಆದಿತ್ಯವಾರ ಅಡಿಕೆಗೆ ಮದ್ದು ಬಿಡಲು ಆಗಲೇ ಇಲ್ಲ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಅಂತ ಲೆಕ್ಕ ಮಾಡಿ ಡ್ರಮ್ಮಿನಲ್ಲಿ ಕಲಸಿದ್ದೇ ಬಂತು, ಮರ ಹತ್ತುವವನು ನಾಲ್ಕು ಮರ ಮುಗಿಸುವಷ್ಟರಲ್ಲಿ ಮಳೆ ಹೊಯ್ಯಲು ಶುರು. ಬೋರ್ಡೋ ಕಲಸಿದ ಮೇಲೆ ಅದೇ ದಿನ ಮುಗಿಸಬೇಕು, ನಾಳೆಗೆ ಅಂತ ಇಡುವ ಹಾಗಿಲ್ಲ. ಅದು ಸಾಲದು ಅಂತ ಪಂಪಿನ ಪೈಪಿಗೆ ಸಿಕ್ಕಿಸುವ ಹಿತ್ತಾಳೆಯ ಜಾಯಿಂಟ್ ಹನಿ ಹನಿ ಸೋರುತ್ತಿತ್ತು. ಎರಡು ಸಲ ವಾಷರ್ ಬದಲಾಯಿಸಿದ್ದೆ. ವಾಷರ್ ಮಾರುವವನಿಗೆ ಬೈಯುತ್ತಾ ಮನೆಗೆ ಬಂದೆ.

ರಾತ್ರಿ ಎಂಟಕ್ಕೆ ಅಕ್ಕನ ಮಗ ವಿಡಿಯೋ ಕಾಲ್ ಮಾಡಿದ. ಅವನು ಇರುವುದು ಅಮೆರಿಕದ ಐಡಹೋ ರಾಜ್ಯದ ಬೋಯ್ಸಿಯಲ್ಲಿ, ಅಲ್ಲಿ ಆಗ ಆದಿತ್ಯವಾರ ಬೆಳಗ್ಗೆ ಎಂಟೂವರೆ. ನಮ್ಮಲ್ಲಿ, ಕಾಸರಗೋಡಿನ ಪೆರ್ಲದಿಂದ ಒಳಗೆ ಬಂದರೆ, ಸಿಗ್ನಲ್ ಸಿಗುವುದು ಜಗಲಿಯ ಒಂದೇ ಮೂಲೆಯಲ್ಲಿ. ಅಲ್ಲಿ ಕುರ್ಚಿ ಹಾಕಿ ಕೂತೆ.

"ಮಾವ, ನಿಮ್ಮ ವರ್ನಿಯರ್ ಇನ್ನೂ ಉಂಟಾ?"

ಹೇಗಿದ್ದೀರಿ ಇಲ್ಲ, ಮಳೆ ಹೇಗೆ ಇಲ್ಲ, ನೇರ ವರ್ನಿಯರ್. ನಾನು ತೋಟಕ್ಕೆ ಬರುವ ಮೊದಲು ಒಂಬತ್ತು ವರ್ಷ ಮಂಗಳೂರಿನಲ್ಲಿ ಲೇತ್ ಹಿಡಿದವನು. ವರ್ನಿಯರ್ ಅಂದರೆ ದವಡೆಯ ನಡುವೆ ಹಿಡಿದು ಸೂಕ್ಷ್ಮವಾಗಿ ಅಳೆಯುವ ಸಾಧನ, ಅದು ಈಗಲೂ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಉಂಟು. ಇವಳು ಅದನ್ನು ನನ್ನ ಮೊದಲನೇ ಹೆಂಡತಿ ಅನ್ನುತ್ತಾಳೆ.

ಅಳಿಯನಿಗೆ ಎರಡು ವರ್ಷದಿಂದ ರೈಫಲ್ ಹುಚ್ಚು. ಬೇಟೆ ಗೀಟೆ ಇಲ್ಲ, ರೇಂಜಿಗೆ ಹೋಗಿ ಕಾಗದಕ್ಕೆ ಹೊಡೆಯುವುದು. ಹೊಡೆದ ಮೇಲೆ ಬೀಳುವ ಖಾಲಿ ಹಿತ್ತಾಳೆ ಕೇಸುಗಳನ್ನು ಹೆಕ್ಕಿ ತಂದು, ಹೊಸ ಕೇಪು, ಮದ್ದು, ಗುಂಡು ಹಾಕಿ ಗ್ಯಾರೇಜಿನಲ್ಲೇ ಮತ್ತೆ ತೋಟೆ ಮಾಡಿಕೊಳ್ಳುತ್ತಾನೆ. ಸ್ವಂತ ಉಪಯೋಗಕ್ಕಾದರೆ ಅಲ್ಲಿ ಅದಕ್ಕೆ ಲೈಸನ್ಸ್ ಬೇಡವಂತೆ. ನಮ್ಮಲ್ಲಿ 1959ರ ಶಸ್ತ್ರ ಕಾಯ್ದೆ ಪ್ರಕಾರ ಲೈಸನ್ಸ್ ಇಲ್ಲದೆ ತೋಟೆ ತಯಾರಿಸಿದರೆ ಜೈಲೇ ಗತಿ. ಅವನು "ಮದ್ದು ಅಳೆಯುವುದು ಇನ್ನೊಂದು ದಿನ, ಇವತ್ತು ಬರೀ ಕೇಸಿನ ಕೆಲಸ" ಅಂದದ್ದು ಒಳಗೆ ಕೇಳಿಸಿರಬೇಕು, "ಅಲ್ಲಿಯೂ ಅಡಿಕೆ ಉಂಟಾ?" ಅಂತ ಇವಳು ಅಡುಗೆಮನೆಯಿಂದ ಕೇಳಿದಳು.

ಸಮಸ್ಯೆ ಏನಪ್ಪಾ ಅಂದರೆ, ಕೇಸು ಪ್ರತಿ ಸಲವೂ ಸ್ವಲ್ಪ ಉದ್ದವಾಗುತ್ತದೆ. ಹೊಡೆದಾಗ ಹಿತ್ತಾಳೆ ಹಿಗ್ಗಿ ಛೇಂಬರಿನ, ಅಂದರೆ ರೈಫಲಿನೊಳಗೆ ತೋಟೆ ಕೂರುವ ಜಾಗದ, ಗೋಡೆಗೆ ಅಂಟುತ್ತದೆ. ಮತ್ತೆ ಉಪಯೋಗಿಸಬೇಕಾದರೆ ಡೈ ಅನ್ನುವ ಗಟ್ಟಿ ಅಚ್ಚಿನ ಒಳಗೆ ಒತ್ತಿ ಮೊದಲಿನ ಅಳತೆಗೆ ತರಬೇಕು. ಸುತ್ತಲಿಂದ ಒತ್ತಿದರೆ ಹಿತ್ತಾಳೆ ಎಲ್ಲಿಗೆ ಹೋಗುತ್ತದೆ? ಸೇಮಿಗೆ ಅಚ್ಚಿನಲ್ಲಿ ಹಿಟ್ಟು ಇಳಿದ ಹಾಗೆ, ಜಾಗ ಸಿಕ್ಕಿದ ಕಡೆಗೆ, ಅಂದರೆ ಕುತ್ತಿಗೆ ಕಡೆಗೆ ಹರಿಯುತ್ತದೆ. ಆ ಜಾಸ್ತಿಯಾದ ತುದಿಯನ್ನು ಕತ್ತರಿಸಬೇಕು. ಅವನದ್ದು .308 ವಿಂಚೆಸ್ಟರ್ ಅನ್ನುವ ಜಾತಿಯ ತೋಟೆ. ಅದರ ಕೇಸು ಹೆಚ್ಚೆಂದರೆ 2.015 ಇಂಚು ಇರಬಹುದು, ಕತ್ತರಿಸುವಾಗ 2.005ಕ್ಕೆ ತರುತ್ತಾರೆ. ನನ್ನ ಲೆಕ್ಕದಲ್ಲಿ 51.18 ಮತ್ತು 50.93 ಮಿಲಿಮೀಟರ್. ನಡುವೆ ಇರುವುದು ಹತ್ತು ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು), ಒಂದು ವಿಸಿಟಿಂಗ್ ಕಾರ್ಡಿನ ದಪ್ಪ ಅಷ್ಟೆ.

"ಅಷ್ಟು ಉದ್ದವಾದರೆ ಎಂತ ಆಗ್ತದೆ ಮಾರಾಯ?" ಕೇಳಿದೆ.

ಅವನು ಕಾಗದದಲ್ಲಿ ಚಿತ್ರ ಬರೆದು ಕ್ಯಾಮೆರಾಕ್ಕೆ ಹಿಡಿದ. ಛೇಂಬರಿನಲ್ಲಿ ಕೇಸಿನ ಕುತ್ತಿಗೆಗೆ ಅಂತ ಒಂದು ಜಾಗ ಕೊರೆದಿರುತ್ತಾರೆ, ಅದರ ಮುಂದೆ ನಳಿಗೆ ಸಣ್ಣದಾಗುತ್ತದೆ. ಕೇಸು ಉದ್ದವಾದರೆ ಅದರ ಬಾಯಿ ಆ ಸಣ್ಣ ಜಾಗಕ್ಕೆ ನುಗ್ಗಿ ಗುಂಡನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹಿಂದಿನಿಂದ ಮದ್ದು ಉರಿದು ಗ್ಯಾಸ್ ತಳ್ಳುತ್ತಾ ಇರುತ್ತದೆ, ಮುಂದಿನಿಂದ ಗುಂಡಿಗೆ ಬಿಡುಗಡೆ ಇಲ್ಲ. ಅಡಿಕೆಗೆ ಮದ್ದು ಬಿಡುವಾಗ ನೋಝಲಿಗೆ ಕಸ ಸಿಕ್ಕಿದರೆ ಹೋಸು ಗಟ್ಟಿಯಾಗುತ್ತದಲ್ಲ, ಹಾಗೆ. ಆದರೆ ಇಲ್ಲಿ ಒಡೆಯುವುದು ಹೋಸಲ್ಲ, ಮುಖದ ಪಕ್ಕದಲ್ಲೇ ಇರುವ ರೈಫಲ್.

ಚಿತ್ರ ನೋಡಿದ್ದೇ ನನಗೆ ಅಪ್ಪನ ನೆನಪಾಯಿತು.

ಅಪ್ಪನ ಹತ್ತಿರ ಬೆಳೆ ಕಾಯಲು ಅಂತ ಲೈಸನ್ಸ್ ಇದ್ದ ಒಂಟಿ ನಳಿಗೆಯ ತೋಟೆ ಕೋವಿ ಇತ್ತು, 12 ಬೋರ್. ಪ್ರತಿ ಚುನಾವಣೆಗೆ ಅದನ್ನು ಠಾಣೆಗೆ ಒಪ್ಪಿಸಬೇಕು. ನೋಟಿಸು ಬರುತ್ತಿದ್ದದ್ದು ಮಲಯಾಳದಲ್ಲಿ, ಅಪ್ಪನಿಗೆ ಓದಲು ಬರುತ್ತಿರಲಿಲ್ಲ, ಪೇಟೆಯ ಹೋಟೆಲಿನವರ ಹತ್ತಿರ ಓದಿಸಿಕೊಂಡು ಬರುತ್ತಿದ್ದರು. ಕೋವಿಯನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಕೊಂಡುಹೋಗುತ್ತಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಹಾರಿಸಿದ ತೋಟೆಯ ಖಾಲಿ ಕೊಳವೆ ನಮಗೆ ಮಕ್ಕಳಿಗೆ. ಬಾಯಿಗೆ ಅಡ್ಡ ಹಿಡಿದು ಊದಿದರೆ ಒಳ್ಳೆ ಸೀಟಿ.

ಒಂದು ಸಲ ನೆರೆಮನೆಯವರು, ಅವರಿಗೂ ಕೋವಿ ಇತ್ತು, ಒಂದು ಪೆಟ್ಟಿಗೆ ತೋಟೆ ಕೊಡಲು ಬಂದರು. ಆಗ ತೋಟೆಗೆ ಎಷ್ಟು ಬರಗಾಲ ಅಂದರೆ, ಕೊಟ್ಟರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬೇಕು. ಅಪ್ಪ ಪೆಟ್ಟಿಗೆ ತಿರುಗಿಸಿ ನೋಡಿದರು. 70 ಅಂತ ಬರೆದಿತ್ತು. "ನನ್ನದು 65ರ ಕೋವಿ, ಬೇಡ" ಅಂತ ವಾಪಸ್ ಕೊಟ್ಟುಬಿಟ್ಟರು. ನಾನು ಒಂದು ತೋಟೆ ತೆಗೆದು ಕೋವಿಗೆ ಹಾಕಿ ನೋಡಿದೆ, ಸರಾಗ ಕೂತಿತು. "ಸರಿ ಆಗ್ತದಲ್ಲ ಅಪ್ಪ!" ಅಂದೆ. ಬೆನ್ನಿಗೆ ಒಂದು ಬಿತ್ತು. ಕಾರಣ ಹೇಳಲಿಲ್ಲ. ಅಪ್ಪಂದಿರು ಆಗ ಕಾರಣ ಹೇಳುವ ಪದ್ಧತಿ ಇರಲಿಲ್ಲ.

ಅದನ್ನು ಅಳಿಯನಿಗೆ ಹೇಳಿದೆ. ಅವನು ನಕ್ಕ. "ಮಾವ, ಅಜ್ಜ ಮಾಡಿದ್ದೇ ಸರಿ. ಆ 65, 70 ಅನ್ನುವುದು ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟೆಯ ಉದ್ದ, ಮಿಲಿಮೀಟರಿನಲ್ಲಿ. ಹಾರಿಸುವ ಮೊದಲು ಬಾಯಿ ಮಡಚಿರ್ತದೆ, ಅದಕ್ಕೇ ಸರಾಗ ಕೂರ್ತದೆ. ಹಾರಿದಾಗ ಬಿಚ್ಚಿಕೊಳ್ಳಲು ಜಾಗ ಸಾಲುವುದಿಲ್ಲ." ಅಂದರೆ ಅದೇ ಕಥೆ. ಬಾಯಿಗೆ ಜಾಗ ಇಲ್ಲ, ಪ್ರೆಷರ್ ಏರುತ್ತದೆ. ಬೆನ್ನಿಗೆ ಬಿದ್ದ ಆ ಏಟಿಗೆ ಕಾರಣ ಸಿಗಲು ನನಗೆ ನಲವತ್ತು ವರ್ಷ, ಒಂದು ಅಮೆರಿಕ ಬೇಕಾಯಿತು.

ಇರಲಿ. ಕೆಲಸಕ್ಕೆ ಬರುತ್ತೇನೆ.

ಅಳಿಯ ಕೈಯಲ್ಲಿ ತಿರುಗಿಸುವ ಸಣ್ಣ ಕತ್ತರಿಸುವ ಯಂತ್ರ ತಂದಿದ್ದ. ನೋಡಲು ಆಟಿಕೆ ಲೇತಿನ ಹಾಗೆ. ಒಂದು ಕಡೆ ಕೇಸಿನ ಬುಡ ಹಿಡಿಯುವ ಕೊಲೆಟ್, ಇನ್ನೊಂದು ಕಡೆ ಕಟ್ಟರ್, ಕಟ್ಟರಿನ ನಡುವಿನ ಕಡ್ಡಿ ಕೇಸಿನ ಬಾಯೊಳಗೆ ಹೋಗಿ ನೇರ ಹಿಡಿಯುತ್ತದೆ. ನಲವತ್ತು ಕೇಸು ಕತ್ತರಿಸಿದ್ದ. ಒಂದು 2.001, ಒಂದು 2.009, ಇನ್ನೊಂದು 2.004. ಯಾವುದೂ 2.015 ದಾಟಿಲ್ಲ, ಅಪಾಯ ಇಲ್ಲ. ಆದರೆ ಯಂತ್ರ ಸೆಟ್ ಮಾಡಿದ ಮೇಲೆ ಹೀಗೆ ಕುಣಿದರೆ ಅದು ಮರ್ಯಾದೆಯ ಪ್ರಶ್ನೆ. "ಯಂತ್ರವೇ ಸರಿ ಇಲ್ಲ, ವಾಪಸ್ ಮಾಡುತ್ತೇನೆ" ಅಂದ.

"ಯಂತ್ರ ಅಲ್ಲಿರಲಿ. ಒಂದೇ ಕೇಸು ತೆಗೆದುಕೋ. ಐದು ಸಲ ಅಳೆ. ಪ್ರತಿ ಸಲ ಸ್ವಲ್ಪ ತಿರುಗಿಸು."

2.004. 2.007. 2.005. 2.004. 2.007.

ಕೇಸು ಒಂದೇ, ಉದ್ದ ಮೂರು! ಫೋನನ್ನು ಹತ್ತಿರ ತರಲು ಹೇಳಿದೆ. ಕತ್ತರಿಸಿದ ಬಾಯಿಯ ಸುತ್ತ ಬರ್ರು, ಅಂದರೆ ಲೋಹ ಕತ್ತರಿಸಿದಾಗ ಅಂಚಿನಲ್ಲಿ ಉಳಿಯುವ ಚೂಪು ತರಿ, ಎದ್ದಿತ್ತು, ಒಂದು ಕಡೆ ಕೂದಲಿನಷ್ಟು ಸಣ್ಣ ಹಿತ್ತಾಳೆ ಸುರುಳಿ ನೇತಾಡುತ್ತಿತ್ತು. ಬಲ್ಬಿನ ಬೆಳಕಿಗೆ ಚಿನ್ನದ ಹಾಗೆ ಮಿನುಗುತ್ತಿತ್ತು. ಅವನು ಅಳೆಯುತ್ತಿದ್ದದ್ದು ಕೇಸನ್ನಲ್ಲ, ಬರ್ರನ್ನು. "ಉಗುರು ಅಡ್ಡ ಎಳೆದು ನೋಡು, ಸಿಕ್ಕಿಕೊಳ್ಳುತ್ತದಾ ಇಲ್ಲವಾ" ಅಂದೆ. ಸಿಕ್ಕಿಕೊಂಡಿತು. ಹೊರಗಿನ ಬರ್ರು ಕೆರೆಯಲು, ಒಳಬಾಯಿಗೆ ಸ್ವಲ್ಪ ಇಳಿಜಾರು ಕೊಡಲು ಅವನ ಹತ್ತಿರ ಒಂದು ಟೂಲ್ ಇತ್ತು, ಆದರೆ ಎಲ್ಲ ಅಳೆದು ಆದ ಮೇಲೆ ಒಟ್ಟಿಗೆ ಮಾಡುವುದು ಅಂತ ಬದಿಗೆ ಇಟ್ಟಿದ್ದ. ಆ ಟೂಲ್ ಆಡಿಸುವುದು ಎರಡು ಸುತ್ತು ಸಾಕು. ಚೂಪು ಹೋಗಬೇಕು ಅಷ್ಟೆ, ಚಾಕು ಮಾಡಬಾರದು. ವರ್ನಿಯರ್ ದವಡೆ ಒರೆಸಿ, ಸೊನ್ನೆ ನೋಡಿ, ಮತ್ತೆ ಅಳೆಯಲು ಹೇಳಿದೆ. ಐದು ಸಲವೂ 2.004.

ಆದರೂ ಒಂದು ಕೇಸಿಗೂ ಇನ್ನೊಂದಕ್ಕೂ ನಾಲ್ಕೈದು ಥೌ ವ್ಯತ್ಯಾಸ ಇದ್ದೇ ಇತ್ತು. "ಈಗ ನೀನು ಸುಮ್ನೆ ಕತ್ತರಿಸು, ನಾನು ನೋಡುತ್ತೇನೆ" ಅಂದೆ.

ಹತ್ತು ನಿಮಿಷ ನೋಡಿದೆ. ನಡುವೆ ಕರೆಂಟು ಹೋಯಿತು, ವೈಫೈ ಹೋಯಿತು, ಮೊಬೈಲ್ ಡೇಟಾದಲ್ಲಿ ಮತ್ತೆ ಸೇರಿಕೊಂಡೆ. ಅವನ ಮುಖ ನೋಡಲಿಲ್ಲ, ಕೈ ಮಾತ್ರ ನೋಡಿದೆ. ಒಂದು ಕೇಸು ಹಾಕುವಾಗ ಬುಡವನ್ನು ಹಿಂದಕ್ಕೆ ಒತ್ತಿ ಹಿಡಿಯುತ್ತಾನೆ, ಇನ್ನೊಂದು ಹಾಕುವಾಗ ಹೆಂಡತಿ ಜೊತೆ ಮಾತಾಡುತ್ತಾನೆ. ಒಂದಕ್ಕೆ ಹಿಡಿ ಪೂರ್ತಿ ತಿರುವುತ್ತಾನೆ, ಇನ್ನೊಂದಕ್ಕೆ ಮುಕ್ಕಾಲು. ಕೊಲೆಟ್ ಅಂದರೆ ಬಿಗಿ ಮಾಡುತ್ತಾ ಹೋದ ಹಾಗೆ ಹಿಡಿದ ವಸ್ತುವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಜಾಸ್ತಿ ಬಿಗಿ ಮಾಡಿದರೆ ಕೇಸು ಹಿಂದೆ ಹೋಗುತ್ತದೆ, ಕಟ್ಟರ್ ಕಡಿಮೆ ತಿನ್ನುತ್ತದೆ, ಕೇಸು ಉದ್ದ ಉಳಿಯುತ್ತದೆ. ಬುಡದಲ್ಲಿ ಚೂರು ಪುಡಿ ಕೂತರೆ ಕೇಸು ಮುಂದೆ ಬರುತ್ತದೆ, ಗಿಡ್ಡ ಆಗುತ್ತದೆ. ಮಂಗಳೂರಿನಲ್ಲಿ ನನ್ನ ಮೇಸ್ತ್ರಿ ಇದಕ್ಕೇ ನನ್ನಿಂದ ಒಂದು ದಿನ ಪೂರ್ತಿ ಬುಷ್ ಕತ್ತರಿಸಿ ಕತ್ತರಿಸಿ ಎಸೆಯಿಸಿದ್ದರು.

"ಪ್ರತಿ ಸಲ ಬ್ರಷ್‌ನಲ್ಲಿ ಪುಡಿ ತೆಗೆ. ಬುಡ ಒತ್ತಿ ಹಿಡಿ. ಒಂದೇ ಬಿಗಿ. ಕತ್ತರಿಸಿ ಮುಗಿಯಿತು ಅನ್ನಿಸಿದ ಮೇಲೆ ಎರಡು ಸುತ್ತು ಸುಮ್ನೆ ತಿರುಗಿಸು, ಒತ್ತಬೇಡ. ಮತ್ತೆ ಹೆಂಡತಿ ಹತ್ತಿರ ಆಮೇಲೆ ಮಾತಾಡು."

ಹತ್ತು ಕೇಸು ಮಾಡಿದ. 2.005, 2.005, 2.006, 2.005... ಕೊನೆಯದು 2.004. ಅವನ ಮುಖದಲ್ಲಿ ಎಸೆಸೆಲ್ಸಿ ಪಾಸಾದ ಕಳೆ. ಯಂತ್ರ ವಾಪಸ್ ಮಾಡುವ ಮಾತು ಮತ್ತೆ ಬರಲಿಲ್ಲ.

ಆಮೇಲೆ ಇನ್ನೊಂದು ವಿಷಯ ಮೆಲ್ಲ ಬಾಯಿಬಿಟ್ಟ. ಆ ನಲವತ್ತರಲ್ಲಿ ಹತ್ತು ಕೇಸನ್ನು ಡೈಗೆ ಒತ್ತುವ ಮೊದಲೇ ಕತ್ತರಿಸಿದ್ದನಂತೆ. ಒತ್ತಿದ ಮೇಲೆ ಅವು ಮತ್ತೆ ಉದ್ದ ಆಗುತ್ತವೆ, ಮಾಡಿದ ಕೆಲಸ ದಂಡ. ಅದಕ್ಕೆ ನಾನು ಬೈಯಲಿಲ್ಲ, ಬೆಳಗ್ಗೆ ಮೋಡ ನೋಡಿಯೂ ಬೋರ್ಡೋ ಕಲಸಿದವನು ನಾನು.

ಒಂದು ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಪ್ರತಿ ಸಲ ಬಾಯಿಯಿಂದ ಹಿತ್ತಾಳೆ ಕತ್ತರಿಸಿ ಬಿಸಾಡುತ್ತಾರೆ. ಆ ಹಿತ್ತಾಳೆ ಬಂದದ್ದು ಎಲ್ಲಿಂದ? ಹೊಸದಾಗಿ ಹುಟ್ಟಲಿಲ್ಲವಲ್ಲ. ಕೆಳಗಿನ ಗೋಡೆಯಿಂದಲೇ ಬರಬೇಕು, ಅಲ್ಲಿ ತೆಳು ಆಗುತ್ತಾ ಹೋಗಬೇಕು. ಕೇಳಿದೆ. ಅವನು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಡಬ್ಬಿಯಿಂದ ಒಂದು ಕೇಸು ತೆಗೆದು ತೋರಿಸಿದ. ಬುಡದಿಂದ ಸ್ವಲ್ಪ ಮೇಲೆ, ಬಳೆ ಹಾಕಿದ ಹಾಗೆ ಒಂದು ಹೊಳೆಯುವ ಗೆರೆ. ಪೇಪರ್ ಕ್ಲಿಪ್ ನೇರ ಮಾಡಿ ತುದಿ ಬಗ್ಗಿಸಿ ಒಳಗೆ ಎಳೆದರೆ ಅಲ್ಲಿ ಒಂದು ತಗ್ಗು ಸಿಗುತ್ತದಂತೆ. ಅಂಥದ್ದು ಮುಂದಿನ ಸಲ ಅಲ್ಲಿಯೇ ಎರಡು ತುಂಡಾಗಬಹುದು. ಅದನ್ನು ಪಕ್ಕಡಿನಲ್ಲಿ ಅಪ್ಪಚ್ಚಿ ಮಾಡಿ ಗುಜರಿ ಡಬ್ಬಿಗೆ ಹಾಕಿದ, ಇನ್ಯಾರೂ ತಪ್ಪಿ ಉಪಯೋಗಿಸಬಾರದು ಅಂತ. ಆ ಪಕ್ಕಡು ಒತ್ತಿದ್ದು ನನಗೆ ಬಹಳ ಇಷ್ಟವಾಯಿತು.

ಅಷ್ಟರಲ್ಲಿ ಅವನ ಮಗಳು, ನಾಲ್ಕು ವರ್ಷ, ಗ್ಯಾರೇಜಿಗೆ ಬಂದು ಕೇಸಿಗೆ ಕೈ ಹಾಕಿದಳು. ಅವನು ಗಾಬರಿಯಲ್ಲಿ ಎತ್ತಿಕೊಂಡು ಹೋಗಿ ಸೋಪು ಹಾಕಿ ಕೈ ತೊಳೆಸಿದ. ಹೊಡೆದ ಕೇಸಿನಲ್ಲಿ ಸೀಸದ ಮಸಿ ಇರುತ್ತದಂತೆ. ನಾವು ಅದನ್ನೇ ಬಾಯಿಗೆ ಇಟ್ಟು ಸೀಟಿ ಊದಿದವರು ಅಂತ ಹೇಳಬೇಕು ಅನ್ನಿಸಿತು, ಹೇಳಲಿಲ್ಲ.

ಇವಳು ಕೈ ಒರೆಸುತ್ತಾ ಬಂದು ಫೋನಿಗೆ ಮುಖ ಹಾಕಿದಳು. ಮರದ ಹಲಗೆಯ ತೂತುಗಳಲ್ಲಿ ಸಾಲಾಗಿ ನಿಲ್ಲಿಸಿದ್ದ ಕೇಸು ಫಳಫಳ ಹೊಳೆಯುತ್ತಿತ್ತು. "ಎಷ್ಟು ಚಂದ ಉಂಟು ಮಾರಾಯ! ಬರುವಾಗ ಎರಡು ತಾ. ದೇವರಕೋಣೆಯಲ್ಲಿ ಊದುಬತ್ತಿ ಸಿಕ್ಕಿಸಬಹುದು."

"ಅತ್ತೆ, ಏರ್‌ಪೋರ್ಟಿನಲ್ಲಿ ನನ್ನ ಬ್ಯಾಗಿನಲ್ಲಿ ಖಾಲಿ ತೋಟೆ ಸಿಕ್ಕಿದರೆ ಊದುಬತ್ತಿ ನೀವು ನನಗೇ ಹಚ್ಚಬೇಕಾಗ್ತದೆ" ಅಂದ.

ಅಪ್ಪ ತೀರಿಹೋದ ಮೇಲೆ ಲೈಸನ್ಸನ್ನು ನಾವು ಯಾರೂ ಹೆಸರಿಗೆ ಮಾಡಿಸಿಕೊಳ್ಳಲಿಲ್ಲ, ಕೋವಿಯೂ ಹೋಯಿತು. ಬೆಳೆ ಹಾಳು ಮಾಡುವ ಹಂದಿಗೆ ಗುಂಡು ಹೊಡೆಯಲು ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರ್ಕಾರ 2022ರಲ್ಲಿ ಪಂಚಾಯತ್ ಅಧ್ಯಕ್ಷರಿಗೇ ಕೊಟ್ಟಿದೆ. ಆದರೆ ಹೊಡೆಯಲು ಲೈಸನ್ಸ್ ಇದ್ದವರು ಬೇಕಲ್ಲ. ಆ ರಾತ್ರಿಯೂ ಬಾಳೆ ಬುಡದಲ್ಲಿ ಹಂದಿ ಉತ್ತು ಹೋಗಿತ್ತು.

ಬೆಳಗ್ಗೆ ಮಳೆ ಬಿಟ್ಟಿತ್ತು. ಹೊಸದಾಗಿ ಕಲಸಿ ಪಂಪು ಎಳೆದೆ. ಜಾಯಿಂಟ್ ಸೋರಲು ಶುರು. ಮೂರನೇ ವಾಷರ್ ಹಾಕುವ ಮೊದಲು, ಸುಮ್ನೆ, ಹಿತ್ತಾಳೆಯ ಅಂಚಿಗೆ ಉಗುರು ಅಡ್ಡ ಎಳೆದು ನೋಡಿದೆ. ಸಿಕ್ಕಿಕೊಂಡಿತು. ಹೋದ ತಿಂಗಳು ನಾನೇ ಹ್ಯಾಕ್ಸಾದಲ್ಲಿ ಕತ್ತರಿಸಿ, ಅರ ಹಾಕದೆ, ಹಾಗೇ ಸಿಕ್ಕಿಸಿದ್ದು. ಬರ್ರು ಎರಡು ವಾಷರನ್ನು ತಿಂದಿತ್ತು.

ಅರ ತರಲು ಮನೆಗೆ ಬಂದಾಗ ಅಳಿಯನ ಮೆಸೇಜ್ ಬಂದಿತ್ತು, ನಲವತ್ತು ಕೇಸಿನ ಫೋಟೋ, ಕೆಳಗೆ "ಥ್ಯಾಂಕ್ಸ್ ಮಾವ, ನಿಮ್ಮ ಕಣ್ಣೇ ಕಣ್ಣು" ಅಂತ. ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಫೋನು ಜೇಬಿಗೆ ಹಾಕಿದೆ.